ಅಜ್ಜಿ ತಂದ ಶೂ

ಇದನ್ನು ಓದುವ ನಿಮ್ಮಲ್ಲಿ ಅನೇಕರಿಗೆ ಇನ್ನೂ ಮದುವೆಯ ಯೋಚನೆಯೇ ಬಂದಿರಲಿಕ್ಕಿಲ್ಲ. ಆದರೂ ಬರೆಯುತ್ತಿದ್ದೇನೆ, ಮುಂದೆ ಉಪಯೋಗಕ್ಕೆ ಬಂದೀತು. ಊಟ ಮಾಡುತ್ತ ಓದುವ ಅಭ್ಯಾಸವಿದ್ದವರು ಮಾತ್ರ ದಯವಿಟ್ಟು ಕೈ ತೊಳೆದ ಮೇಲೆ ಓದಿ.

ಎರಡೂವರೆ ವರ್ಷದ ನಮ್ಮ ಮಗನಿಗೆ ಡೊಂಬಿವಲಿಯಲ್ಲಿ, ಮನೆಯ ಹತ್ತಿರವೇ ನರ್ಸರಿಯಲ್ಲಿ ಸೀಟು ಸಿಕ್ಕಿತು. ಶರತ್ತು ಒಂದೇ: ಜೂನ್ ಒಳಗೆ ಡೈಪರ್ ಬಿಟ್ಟಿರಬೇಕು. ಉಳಿದದ್ದು ಎರಡೇ ತಿಂಗಳು. ನಾನು ಆಫೀಸಿನ ಕೆಲಸದ ಹಾಗೆ ವೇಳಾಪಟ್ಟಿ ಹಾಕಿದೆ. ಬಾತುಕೋಳಿ ಆಕಾರದ ಹಳದಿ ಪಾಟು ತಂದೆ. ಮಗ ಅದನ್ನು ತಲೆಗೆ ಹಾಕಿಕೊಂಡು ಮನೆಯೆಲ್ಲ ಓಡಾಡಿದ. ಅರ್ಧ ಗಂಟೆ ಕೂರಿಸಿದರೂ ಏನೂ ಇಲ್ಲ. ಎಬ್ಬಿಸಿದ ಮರುಕ್ಷಣ ಪರದೆಯ ಹಿಂದೆ ನಿಂತು ಕೆಲಸ ಮುಗಿಸುತ್ತಿದ್ದ. ಒಂದು ಬೆಳಿಗ್ಗೆ ಲೋಕಲ್ ಹಿಡಿಯಲು ಹೊರಟವನ ಇಸ್ತ್ರಿ ಪ್ಯಾಂಟು ಒದ್ದೆಯಾಯಿತು. ಜೋರಾಗಿ ಗದರಿಬಿಟ್ಟೆ.

ಅಂದಿನಿಂದ ಅವನು ತಡೆದುಕೊಳ್ಳಲು ಕಲಿತ. ಒಂದು ದಿನ, ಎರಡು ದಿನ, ನಾಲ್ಕು ದಿನ. ಹೊಟ್ಟೆ ಕಲ್ಲಿನಂತಾಯಿತು. ಐದನೆಯ ದಿನದ ಅಳು ಕೇಳಿ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿದರು. ಮಕ್ಕಳ ಡಾಕ್ಟರು ನನ್ನನ್ನು ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ಗಟ್ಟಿಯಾದರೆ ನೋವು, ನೋವಿನ ಹೆದರಿಕೆಗೆ ಮಗು ಮತ್ತೆ ತಡೆಯುತ್ತದೆ, ತಡೆದಷ್ಟೂ ಇನ್ನೂ ಗಟ್ಟಿಯಾಗುತ್ತದೆ ಎಂದು ವಿವರಿಸಿ, ಔಷಧ ಬರೆದು, “ಸ್ವಲ್ಪ ದಿನ ಪಾಟಿನ ಸುದ್ದಿಗೇ ಹೋಗಬೇಡಿ” ಎಂದರು.

ಆಗ ಶಿವಮೊಗ್ಗದಿಂದ ಅಮ್ಮ ಬಂದಳು. ಬೆಳಿಗ್ಗೆ ಮೊಮ್ಮಗ ರಾಗಿ ಗಂಜಿ ಕುಡಿದ ಸ್ವಲ್ಪ ಹೊತ್ತಿಗೆ ಬಚ್ಚಲಲ್ಲಿ ಮಣೆ ಹಾಕಿ, ಕಾಲು ನೀಡಿ, ಎರಡು ಪಾದಗಳ ಮೇಲೆ ಅವನನ್ನು ಕುಕ್ಕರಗಾಲಲ್ಲಿ ಕೂರಿಸಿಕೊಂಡು ಕಾಗಕ್ಕ ಗುಬ್ಬಕ್ಕನ ಕಥೆ ಶುರು ಮಾಡುವಳು. ಮಂಡಿನೋವಿನವಳು. ಬೇಡವೆಂದರೆ ಎಬ್ಬಿಸಿಬಿಡುವಳು. “ನಿನ್ನನ್ನೂ ಹೀಗೇ ಕೂರಿಸಿದ್ದು ಕಣೋ” ಎಂದಳು. ಹತ್ತನೆಯ ದಿನಕ್ಕೆ ಕಥೆಯೂ ಕೆಲಸವೂ ಒಟ್ಟಿಗೆ ಮುಗಿಯತೊಡಗಿದವು. ಊಟವಾದ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ, ಪಾದಕ್ಕೆ ಆಧಾರ ಸಿಕ್ಕಿ ಕುಕ್ಕರಗಾಲಲ್ಲಿ ಕೂತರೆ ಸಲೀಸು ಎಂದು ಡಾಕ್ಟರು ಅಮ್ಮನಿಗೆ ಪೂರ್ತಿ ಅಂಕ ಕೊಟ್ಟರು.

ಜೂನ್‌ನಲ್ಲಿ ನರ್ಸರಿ ಶುರುವಾಯಿತು. ಮೊದಲ ವಾರ ದಿನವೂ ಒದ್ದೆ ಚಡ್ಡಿ. ವಿಚಾರಿಸಿದರೆ ಆಯಾಬಾಯಿ, “ಮಗು ತನ್ನ ಭಾಷೆಯಲ್ಲಿ ಏನೋ ಹೇಳುತ್ತದೆ, ನನಗೆ ತಿಳಿಯುವುದಿಲ್ಲ” ಎಂದಳು. ಪಾಪ, “ಒಂದಕ್ಕೆ, ಒಂದಕ್ಕೆ” ಎಂದು ಕರೆದು ಕರೆದು ಸೋತಿದ್ದ. ಆ ಮಾತನ್ನು ಬಾಯಿಗೆ ಹೇಳಿಕೊಟ್ಟೆವು. ಅವಳು ತನ್ನದನ್ನು ಅವನಿಗೆ ಹೇಳಿಕೊಟ್ಟಳು.

ಮೂರನೆಯ ವಾರ ಮನೆಗೆ ಬಂದವನೇ ಹಾಲಿನಲ್ಲಿ ನಿಂತು “ಶೂ! ಶೂ!” ಎಂದು ಕೂಗಿದ. ಮರಾಠಿಯ ಶೂ ಎಂದರೇನೆಂದು ನಿಮಗೆ ಹೇಳಬೇಕಾಗಿಲ್ಲ, ಅಮ್ಮನಿಗೆ ಹೇಳಬೇಕಿತ್ತು. ಅವಳು ಮಂಡಿ ಹಿಡಿದುಕೊಂಡು ಬಗ್ಗಿ, ಸ್ಟ್ಯಾಂಡಿನ ಕೆಳಗಿನಿಂದ ಎರಡೂ ಶೂ ಹುಡುಕಿ ತಂದು, ತೊಡಿಸಲು ಕೂತಳು. ಅಷ್ಟರಲ್ಲಿ ಎರಡೂ ಶೂ ತುಂಬಿದವು.

ಮಗ ಅಲುಗಾಡದೆ ನನ್ನ ಮುಖವನ್ನೇ ನೋಡುತ್ತಿದ್ದ. ಆ ನೋಟ ನನಗೆ ಗೊತ್ತಿತ್ತು. ಅಮ್ಮ ಮೊದಲು ನಕ್ಕಳು, ಆಮೇಲೆ ನಾನು. ಖಾತ್ರಿ ಮಾಡಿಕೊಂಡು ಕೊನೆಗೆ ಅವನು ನಕ್ಕ. ಆ ಮಳೆಯಲ್ಲಿ ಶೂ ಒಣಗಲು ನಾಲ್ಕು ದಿನ ಬೇಕಾಯಿತು.

ಗೌರಿ ಹಬ್ಬಕ್ಕೆ ಅಮ್ಮ ಊರಿಗೆ ಹೋದಳು. ರಾತ್ರಿ ಹಾಸಿಗೆಗೆ ರಬ್ಬರ್ ಶೀಟು ಇನ್ನೂ ಬೇಕು; ಅದಕ್ಕೆ ಅವಸರವಿಲ್ಲವಂತೆ. ಬೆಳಿಗ್ಗೆ ಫೋನಿನಲ್ಲಿ “ಅಜ್ಜೀ, ಎರಡಕ್ಕೆ ಆಯ್ತು” ಎಂದು ವರದಿ ಒಪ್ಪಿಸುತ್ತಾನೆ. ಹಳದಿ ಬಾತುಕೋಳಿಯಲ್ಲಿ ಅವನ ಆಟದ ಕಾರುಗಳಿವೆ.