ಸೊನ್ನೆಗೊಂದು ಸೇತುವೆ

ಅಕ್ಕನ ಮಗಳು ಹಳೆಯ ಕಥೆಪುಸ್ತಕವೊಂದನ್ನು ಹಿಡಿದು ಬಂದು, ಪುಟದ ಅಡಿಯ ಅಂಕೆಯ ಮೇಲೆ ಬೆರಳಿಟ್ಟು, "ಮಾವ, ಇದು ಆರೋ ಏಳೋ?" ಎಂದು ಕೇಳಿದಳು. ಕಥೆಯನ್ನು ಸರಾಗವಾಗಿ ಓದುವ ಹುಡುಗಿ, ಪುಟದ ಸಂಖ್ಯೆಗೆ ಬಂದು ನಿಂತಿದ್ದಳು. ತಪ್ಪು ಅವಳದಲ್ಲ. ಮೊಬೈಲು, ಅಂಗಡಿಯ ಚೀಟಿ, ಶಾಲೆಯ ನೋಟ್‌ಬುಕ್ಕು, ಅವಳು ದಿನವೂ ನೋಡುವ ಯಾವುದರಲ್ಲೂ ೭ ಇಲ್ಲ. ಕಾಣದ್ದು ನೆನಪಿನಲ್ಲಿ ನಿಲ್ಲುವುದಾದರೂ ಹೇಗೆ?

ಆ ಸಂಜೆ ಗೋಡೆಯ ಗಡಿಯಾರ ನೋಡುತ್ತಿದ್ದಾಗ, ಅಂಕೆ ಕಲಿಸಲು ಇದಕ್ಕಿಂತ ಒಳ್ಳೆಯ ಮೇಷ್ಟ್ರು ಇಲ್ಲ ಅನ್ನಿಸಿತು. ಏಳು ಎಲ್ಲಿ ಕೂರುತ್ತದೆಂದು ಗಡಿಯಾರ ನೋಡಲು ಬರುವ ಎಲ್ಲ ಮಕ್ಕಳಿಗೂ ಗೊತ್ತು. ಅಲ್ಲಿ ಕೂತ ಆಕಾರ ಯಾವುದಾದರೂ ಅದು ಏಳೇ. ಜಾಗವೇ ಅರ್ಥ ಹೇಳಿಕೊಡುತ್ತದೆ. ಒಂದರಿಂದ ಹನ್ನೆರಡರೊಳಗೆ ಹತ್ತೂ ಅಂಕೆಗಳು ಬಂದುಹೋಗುತ್ತವೆ. ಸೊನ್ನೆಯೂ ಬರುತ್ತದೆ, ೧೦ರಲ್ಲಿ. ಹಾಗಾದರೆ ಕನ್ನಡದ ಅಂಕೆಗಳ ಗಡಿಯಾರವೊಂದನ್ನು ನಾನೇ ಮಾಡಿಸೋಣ ಎಂದುಕೊಂಡೆ.

ನಮ್ಮ ಬೀದಿಯ ಕೊನೆಯಲ್ಲಿ ನಾಮಫಲಕ ಮಾಡುವ ಅಂಗಡಿಯಿದೆ. ಅಲ್ಲಿ ಅಕ್ರಿಲಿಕ್ ಅಕ್ಷರ ಕತ್ತರಿಸುವ ಲೇಸರ್ ಯಂತ್ರವೇ ತೆಳು ಪ್ಲೈವುಡ್ಡನ್ನೂ ಕತ್ತರಿಸುತ್ತದೆ. ಗಾಜಿನ ಕೊಳವೆಯಲ್ಲಿ ಹುಟ್ಟಿದ ಕಿರಣ ಕನ್ನಡಿಯಿಂದ ಕನ್ನಡಿಗೆ ಹಾರಿ, ಮಸೂರದ ಮೂಲಕ ಕೂದಲೆಳೆಯಷ್ಟು ಸಣ್ಣಗಾಗಿ ಮರದ ಮೇಲೆ ಇಳಿಯುತ್ತದೆ. ಕಾರ್ಬನ್ ಡೈಆಕ್ಸೈಡಿನ ಈ ಲೇಸರನ್ನು ೧೯೬೪ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದವರು ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್. ಕಿರಣ ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಮರ ಸುಡುವ ಕಿಡಿಯಷ್ಟೇ.

ಮೂವತ್ತು ಸೆಂಟಿಮೀಟರ್ ಅಗಲದ ವೃತ್ತ, ಮೂವತ್ತು ಮೂವತ್ತು ಡಿಗ್ರಿಗೊಂದು ಸಂಖ್ಯೆ, ನಡುವೆ ಮುಳ್ಳಿನ ಕಡ್ಡಿಗೊಂದು ತೂತು. ಇಷ್ಟು ಬರೆದುಕೊಂಡು ಹೋದೆ. ಅಂಗಡಿಯ ಕಂಪ್ಯೂಟರಿನಲ್ಲಿ ನನ್ನ ಫಾಂಟ್ ಇರಲಿಲ್ಲ. ಅಂಕೆಗಳಿರಬೇಕಾದ ಕಡೆ ಬರೀ ಡಬ್ಬಿಗಳು. "ಕರ್ವ್ ಮಾಡಿ ತನ್ನಿ ಸಾರ್" ಎಂದ ಹುಡುಗ. ಅಂದರೆ ಅಂಕೆಯನ್ನು ಅಂಕೆಯಾಗಿ ಅಲ್ಲ, ಗೆರೆಯಾಗಿ ತರಬೇಕು. ಮಾಡಿಕೊಂಡು ಬಂದೆ. ಹೊಗೆಯ ಕಲೆ ಆಗದಂತೆ ಅವನು ಹಲಗೆಗೆ ಪೇಪರ್ ಟೇಪ್ ಹಚ್ಚಿದ. "ಒಳಗಿನದು ಮೊದಲು, ಹೊರಗಿನ ಸುತ್ತು ಕೊನೆಗೆ" ಎಂದ. ಸುತ್ತು ಮೊದಲೇ ಬಿಡಿಸಿಕೊಂಡರೆ ಹಲಗೆ ಅಲುಗಿ ಅಂಕೆಗಳೆಲ್ಲ ಜಾಗ ತಪ್ಪುತ್ತವೆ. ಅನುಭವದಿಂದ ಬಂದ ಮಾತು ಅದು.

ಸುಟ್ಟ ಮರದ ವಾಸನೆ ಅಂಗಡಿ ತುಂಬಿತು. ಕೆಲವೇ ನಿಮಿಷದಲ್ಲಿ ಕೆಲಸ ಮುಗಿಯಿತು. ಹಲಗೆ ಎತ್ತಿದಾಗ ಸೊನ್ನೆಯ ಹೊಟ್ಟೆ ಕಳಚಿ ಕೆಳಗೆ ಬಿತ್ತು. ನಾಲ್ಕು, ಐದರ ಕುಣಿಕೆಯೊಳಗಿನ ಚೂರುಗಳೂ ಅದರ ಹಿಂದೆಯೇ ಹೋದವು. ಬಳೆಯಂತಿರಬೇಕಾದ ಸೊನ್ನೆ ಬರಿಯ ತೂತಾಗಿ ನಿಂತಿತ್ತು. ಸುತ್ತಲೂ ಕತ್ತರಿಸಿದ ಮೇಲೆ ನಡುವಿನದಕ್ಕೆ ಆಧಾರವೆಲ್ಲಿ? ಯಂತ್ರ ಗೆರೆ ಇದ್ದಂತೆ ಕತ್ತರಿಸಿದೆ. ಯೋಚಿಸಬೇಕಿದ್ದವನು ನಾನು.

ಮನೆಗೆ ಬಂದು ಕಾಗದದ ಮೇಲೆ ಒಂದೊಂದು ಅಂಕೆಯನ್ನೂ ಕೈಯಲ್ಲಿ ಬರೆದು ನೋಡಿದೆ. ಹಾಗೆ ಬರೆಯುವಾಗಲೇ ನಮ್ಮ ಅಂಕೆಗಳ ಚೆಲುವು ನನಗೆ ಸರಿಯಾಗಿ ಕಂಡದ್ದು. ಚೂಪು ಮೂಲೆ ಅಪರೂಪ. ಎಲ್ಲವೂ ಬಳಸಿ ಬರುವ ಗೆರೆಗಳು. ಸೊನ್ನೆಗೆ ಮೇಲೊಂದು ಕೆಳಗೊಂದು, ನಾಲ್ಕು ಐದರ ಕುಣಿಕೆಗಳಿಗೆ ಒಂದೊಂದು, ಎರಡು ಮಿಲಿಮೀಟರ್ ಅಗಲದ ಸೇತುವೆ ಇಟ್ಟೆ. ಎರಡನೆಯ ಹಲಗೆಯಲ್ಲಿ ಎಲ್ಲವೂ ನಿಂತವು.

ಗಡಿಯಾರದ ಅಂಗಡಿಯಿಂದ ಮೆಷಿನ್ನೂ ಮುಳ್ಳುಗಳೂ ಬಂದವು. ಸೆಲ್ ಹಾಕಿ ಗೋಡೆಗೆ ತೂಗಿದೆವು. ಕತ್ತರಿಸಿದ ಅಂಚು ಕಂದು ಬಣ್ಣಕ್ಕೆ ತಿರುಗಿ ಪ್ರತಿ ಅಂಕೆಗೂ ಕಾಡಿಗೆ ಹಚ್ಚಿದಂತಿತ್ತು. ವಾರ ಕಳೆಯುವುದರೊಳಗೆ ಹುಡುಗಿ ಆರು ಏಳರ ನಡುವೆ ತಡವರಿಸುವುದನ್ನು ಬಿಟ್ಟಳು. ಯಾರೂ ಪಾಠ ಹೇಳಲಿಲ್ಲ.

ಕಾರ್ಖಾನೆಗೆ ಸಾವಿರ ಗಿರಾಕಿ ಬೇಕು. ಈ ಯಂತ್ರಕ್ಕೆ ಒಬ್ಬರು ಸಾಕು. ಒಂದೇ ಒಂದು ಗಡಿಯಾರವನ್ನೂ ಅದು ಅಷ್ಟೇ ಅಚ್ಚುಕಟ್ಟಾಗಿ ಮಾಡಿಕೊಡುತ್ತದೆ. ಕನ್ನಡದ ಅಂಕೆಗಳ ಗಡಿಯಾರವನ್ನು ಯಾರಾದರೂ ಮಾಡಲಿ ಎಂದು ಕಾಯಬೇಕಿಲ್ಲ. ನಿಮ್ಮೂರಿನಲ್ಲಿ ಬೋರ್ಡ್ ಮಾಡುವವರಲ್ಲಿ ವಿಚಾರಿಸಿ. ಹನ್ನೆರಡು ಸಂಖ್ಯೆಗಳನ್ನು ನಿಮ್ಮ ಕೈಯಲ್ಲೇ ಬರೆದುಕೊಂಡು ಹೋಗಿ. ಸೊನ್ನೆಗೆ ಸೇತುವೆ ಇಡುವುದನ್ನು ಮಾತ್ರ ಮರೆಯಬೇಡಿ.