ಸೀಸೆಯೊಳಗಿನ ಪೀಚ್ ಹಣ್ಣು

ಬೆಂಗಳೂರಿನ ಮೂಡಲಿಗಿರುವ ಮಹದೇವಪುರಕ್ಕೆ ನಾವು ಹೋದುದು, 2023ರಲ್ಲಿ ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿಗೆ ಓಡತೊಡಗಿದ ಮೆಟ್ರೋ ರೈಲಿನಲ್ಲಿ. ಅಲ್ಲಿ 2011ರಲ್ಲಿ ತೆರೆದ ಫೀನಿಕ್ಸ್ ಮಾರ್ಕೆಟ್‌ಸಿಟಿ ಎಂಬ ಮಳಿಗೆಗಳ ಮಹಾಸೌಧದಲ್ಲಿ ಸುಗಂಧದ ಸೀಸೆಗಳು ಸಾಲುಗಟ್ಟಿ ನಿಂತಿವೆ. ಒಂದನ್ನು ಕಾಗದದ ಪಟ್ಟಿಗೆ ಸಿಂಪಡಿಸಿ ಮೂಸಿದರೆ, ಕಳಿತ ಪೀಚ್ ಹಣ್ಣನ್ನು ಆಗತಾನೇ ಹೆಚ್ಚಿಟ್ಟಂತಹ ಪರಿಮಳ!

ಆದರೆ ಪೀಚ್ ಹಣ್ಣಿನಿಂದ ಮಲ್ಲಿಗೆಯ ಅತ್ತರಿನಂತೆ ಅತ್ತರು ಇಳಿಯದು. ಇಂತಹ ಪರಿಮಳವು ಸಾಮಾನ್ಯವಾಗಿ ಗಾಮಾ-ಅಂಡೆಕಲ್ಯಾಕ್ಟೋನ್ ಎಂಬ ದ್ರವ್ಯದ ಮಹಿಮೆ. 1908ರಲ್ಲಿ ರಷ್ಯದ ರಸಾಯನಶಾಸ್ತ್ರಜ್ಞರು ಕಂಡುಹಿಡಿದ ಇದನ್ನು, 1919ರಲ್ಲಿ ಪ್ಯಾರಿಸಿನ ಜಾಕ್ ಗೆರ್ಲೆನ್ ಅವರು 'ಮಿತ್ಸುಕೊ' ಎಂಬ ಸುಗಂಧದಲ್ಲಿ ಬಳಸಿ ಪ್ರಸಿದ್ಧಿಗೆ ತಂದರು. ವ್ಯಾಪಾರಿಗಳು ಇದನ್ನು 'ಆಲ್ಡಿಹೈಡ್ ಸಿ-14' ಎನ್ನುವರು. ವಾಸ್ತವವಾಗಿ ಇದು ಆಲ್ಡಿಹೈಡೂ ಅಲ್ಲ, ಇದರಲ್ಲಿರುವ ಇಂಗಾಲದ ಪರಮಾಣುಗಳು 14 ಅಲ್ಲ, 11.

ಇದರ ಮೂಲವನ್ನು ಕೇಳಿದರೆ ನಮ್ಮ ಗೃಹಿಣಿಯರು ನಗದಿರಲಾರರು. ಅದು ಹರಳೆಣ್ಣೆ! ಅದನ್ನು ಸಂಸ್ಕರಿಸಿ ಅತಿಯಾಗಿ ಕಾಯಿಸಿದಾಗ ದೊರೆಯುವ ಆಮ್ಲವೊಂದನ್ನು ಗಂಧಕಾಮ್ಲದಿಂದ ಮಾರ್ಪಡಿಸಿದರೆ ಈ ಪರಿಮಳವು ಹುಟ್ಟುವುದು. ಜಗತ್ತಿನ ಹರಳೆಣ್ಣೆಯಲ್ಲಿ ಹೆಚ್ಚಿನ ಪಾಲು ಭಾರತದ್ದೇ. ಮಕ್ಕಳು ಮೂಗು ಹಿಡಿದು ಕುಡಿಯುತ್ತಿದ್ದ ಎಣ್ಣೆಯು ಹೀಗೆ ವಿಲಾಸದ್ರವ್ಯವಾಗಿ ಮರಳಿ ಬರುವುದು.

ಆದುದರಿಂದ ಕೃತಕವೆಂದ ಮಾತ್ರಕ್ಕೆ ಹಳಿಯುವುದೂ, ಸೀಸೆಯ ಮೇಲಿನ ಹಣ್ಣಿನ ಹೆಸರನ್ನು ನಂಬಿ ಹೆಚ್ಚು ಹಣ ತೆರುವುದೂ ಎರಡೂ ತರವಲ್ಲ. ಮೂಗಿಗೆ ಒಪ್ಪಿದುದನ್ನು, ತಿಳಿದು ಕೊಳ್ಳುವುದೇ ಲೇಸು.