ಕ, ತ ಮತ್ತು ಅಜ್ಜಿ

ಮೀಟಿಂಗುಗಳಲ್ಲಿ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಗೀಚಿದ್ದೇ ನನ್ನ ಚಿತ್ರಕಲೆ. ಹೈದರಾಬಾದ್ ಕಾಮಿಕ್ ಕಾನ್‌ನಲ್ಲಿ ಒಂದು ಮೇಜು ಸಿಕ್ಕಿದೆ ಎಂದು ಮೇಲ್ ಬಂದಾಗ ಅಭ್ಯಾಸಬಲದಿಂದ ಮೊದಲು ಮಾಡಿದ್ದು ಎಕ್ಸೆಲ್ ಶೀಟು. ಅದರ ರಿಸ್ಕ್ ಕಾಲಮ್ಮಿನಲ್ಲಿ ಒಂದನ್ನು ಬರೆಯದೇ ಬಿಟ್ಟಿದ್ದೆ: ನನ್ನ ಚಿತ್ರಗಳಲ್ಲಿ ಸಾಗರ ಕಡೆಯ ಅಜ್ಜಿ ಮಾತಾಡುವುದು ಕನ್ನಡ.

ಮಿಯಾಪುರದಲ್ಲಿ ಮೆಟ್ರೊ ಇದೆ ನಿಜ, ಆದರೆ ಹೈಟೆಕ್ಸ್‌ಗೆ ಹೋಗಲು ಅಮೀರ್‌ಪೇಟೆ ಸುತ್ತಬೇಕು. ಆಟೋ ಹಿಡಿದೆವು, ಪ್ರಿಂಟುಗಳ ಡಬ್ಬ, ನಾನು, ಒಂಬತ್ತನೇ ಕ್ಲಾಸಿನ ಮಗಳು. ಪಕ್ಕದ ಮೇಜಿನಲ್ಲಿ ನರುಟೊ, ಸ್ಪೈಡರ್‌ಮ್ಯಾನ್, ಅಲ್ಲಿ ಸಾಲು. ನಮ್ಮಲ್ಲಿ 'ಬಾಗುಂದಿ' ಎಂದು ಮುಂದೆ ಹೋದರು. ಮಧ್ಯಾಹ್ನದ ಹೊತ್ತಿಗೆ ಮಾರಾಟ ಎರಡು, ಒಂದು ಸಹೋದ್ಯೋಗಿಯ ದಾಕ್ಷಿಣ್ಯ. ಉಳಿದವಕ್ಕೆ ಇಂಗ್ಲಿಷ್ ಬರೆದುಬಿಡೋಣ ಎಂದು ಪೆನ್ನು ತೆಗೆದೆ. ಕಾರ್ಕಳದ ಅನಂತ ಪೈಯವರ ಅಮರ ಚಿತ್ರಕಥೆಯೂ ಇಂಗ್ಲಿಷಿನಲ್ಲೂ ಊರೂರು ತಿರುಗಿತಲ್ಲವೇ ಎಂಬ ಸಮಾಧಾನವೂ ಸಿದ್ಧವಿತ್ತು.

ಅಷ್ಟರಲ್ಲಿ ತೆಲುಗು ಹುಡುಗನೊಬ್ಬ ಅಜ್ಜಿಯ ಮಾತಿಗೆ ಬೆರಳಿಟ್ಟ. 'ತಿಂಡಿ ತಿಂದ್ಕಂಡು ಹೋಗು.' ಲಿಪಿಗಳು ಅಕ್ಕತಂಗಿಯರು, ಆದರೆ ಕ, ತ ಬೇರೆ. ಮೊದಲ ಅಕ್ಷರಕ್ಕೇ ಎಡವಿದ. ಹೇಳಿಕೊಟ್ಟವಳು ನನ್ನ ಮಗಳು! ಇವಳಿಗೆ ಕನ್ನಡ ಓದಲು ಬರಲ್ಲ ಎಂದು ನಾನು ಊರಲ್ಲೆಲ್ಲ ಹೇಳಿಕೊಂಡು ಬಂದಿದ್ದೆ. ಶಾಲೆಯ ತೆಲುಗು ಹಿಡಿದು, ನನ್ನ ಪುಟಗಳನ್ನು ನೋಡುತ್ತ ಕಲಿತಳಂತೆ. ನನಗೆ ಹೇಳಲೂ ಇಲ್ಲ.

ಪೆನ್ನು ಒಳಗಿಟ್ಟೆ. ಹುಡುಗ ಏನೂ ಕೊಳ್ಳಲಿಲ್ಲ. ಮಾರನೇ ದಿನ ಅವಳು ರಟ್ಟಿನ ಮೇಲೆ ಎರಡೂ ಭಾಷೆಯ ಕ, ತ ಅಕ್ಕಪಕ್ಕ ಬರೆದು ನಿಲ್ಲಿಸಿದಳು. ಒಟ್ಟು ಹನ್ನೊಂದು ಪ್ರಿಂಟು ಹೋದವು. ಮೇಜಿನ ಬಾಡಿಗೆ ಹುಟ್ಟಲಿಲ್ಲ.